ಪಿಸ್ಟನ್ನಿಗೆ ಸೋಡಾ ಹಾಕಬ್ಯಾಡ್ರೆವಾ

ನಮ್ಮನ್ಯಾಗ ಮಾವನವರ ಕಾಲದ್ದೊಂದು ಪ್ರೀಮಿಯರ್ ಪದ್ಮಿನಿ ಅದ, 1984ರದ್ದು. ಹೋದ ತಿಂಗಳು ಅದಕ್ಕ ಹುಚ್ಚು ಹಿಡೀತು. ಕೀಲಿ ತಗದ್ರೂ ಧಡಧಡ ಅಂದು ಆಮ್ಯಾಲೆ ನಿಲ್ಲೋದು, ಏರಿನ್ಯಾಗ ಟಣಟಣ ಸಪ್ಪಳ. ಮೆಕ್ಯಾನಿಕ್ ಬಿಚ್ಚಿ ನೋಡಿ ಹೇಳಿದ: ರಿಂಗ್ ಸವದಾವ, ಎಣ್ಣಿ ಮ್ಯಾಲೇರಿ ಸುಟ್ಟು ಕಾರ್ಬನ್ ಕೂತದ. ಅದು ಕಾದು ಕೆಂಡ ಆಗಿ ತಾನ ಪೆಟ್ರೋಲಿಗೆ ಬೆಂಕಿ ಹಚ್ಚತದಂತ.

"ತೊಳಿಯೋದಷ್ಟ ಅಲ್ಲ, ನಾನ ತೊಳಿತೇನಿ" ಅಂತ ನಮ್ಮನಿಯವರು ನಾಲ್ಕೂ ಪಿಸ್ಟನ್ ಹಿತ್ತಲಕ್ಕ ತಂದ್ರು. ನೋಡಿದ್ರ ಹಳೇ ದೋಸಿ ಹಂಚಿನ ಕಿಟ್ಟ! ಕೈಯಾಗ ಕಾಸ್ಟಿಕ್ ಸೋಡಾದ ಪಾಕೀಟು, ನನ್ನ ತಂತಿ ಬ್ರಶ್ಶು. ಬ್ಯಾಡ ಅಂದೆ. "ಇದು ನಿನ್ನ ಮುಸುರಿ ಪಾತ್ರಿ ಅಲ್ಲ" ಅಂದ್ರು.

ನನಗ ಸಿಟ್ಟು ಬಂದದ್ದು ಅಲ್ಲೇ. ಮೂವತ್ತು ವರ್ಷ ಕಿಟ್ಟ ತಿಕ್ಕಿದವರು ಯಾರು? ಪಿಸ್ಟನ್ ಯಾವ ಲೋಹ ಅಂತ ಕೇಳಿದೆ. ಅಲ್ಯೂಮಿನಿಯಂ. ಅಂದ್ರ ನಮ್ಮ ಜರ್ಮನ್ ಬೋಗುಣಿದ ಜಾತಿ! ಮದಿವ್ಯಾದ ಹೊಸದಾಗಿ ಅಂಥಾ ಬೋಗುಣಿನ ರಾತ್ರಿಯೆಲ್ಲಾ ಸೋಡಾ ನೀರಾಗ ನೆನಸಿ, ಕರ್ರಗ ಮಾಡಿ ಅತ್ತಿ ಕಡೆ ಬೈಸಿಕೊಂಡಾಕಿ ನಾನು. ಕಾಸ್ಟಿಕ್ ಇನ್ನೂ ಜೋರು, ಲೋಹನ್ನ ತಿಂದು ಹಾಕತದ. ಮಾತಿಗಿಂತ ತೋರಿಸೋದು ಛಲೋ ಅಂತ, ಅಂಗಳದಾಗ ದೂರ ನಿಂತು ಒಂದು ಹಳೇ ಜರ್ಮನ್ ಮುಚ್ಚಳ ಆ ನೀರಿಗೆ ಇಟ್ಟೆ. ಬುಸುಬುಸು ಗುಳ್ಳಿ ಎದ್ದು ಕುದ್ದಂಗಾತು. ನಮ್ಮನಿಯವರು ಸುಮ್ಮನಾದ್ರು.

ಆಮ್ಯಾಲೆ ಗ್ಯಾರೇಜಿನಿಂದ ಸೀಮಿಎಣ್ಣಿ ತರಿಸಿ ರಾತ್ರಿ ನೆನಸಿದ್ವಿ. ಒಂದರ ಬದಲಿ ಒಂದು ಕೂಡಬಾರದಂತ, ಅದಕ್ಕ ನಾಲ್ಕು ಡಬ್ಬಿ ಮ್ಯಾಲೆ 1ರಿಂದ 4 ಬರದೆ. ಬೆಳಿಗ್ಗೆ ಬಿದಿರಿನ ಕಡ್ಡಿ, ಪ್ಲಾಸ್ಟಿಕ್ ಚಮಚಾದ ತುದಿಯಿಂದ ಕೆರದೆ. ತಡ ಆಗತದ, ಖರೆ. ಬಿಡದಿದ್ರ ಮತ್ತ ನೆನಸಬೇಕು, ಬಲಾ ಹಾಕಬಾರದು. ರಿಂಗ್ ಕೂಡೋ ಗಾಡಿ ಮಾತ್ರ ಮೆಕ್ಯಾನಿಕ್ಕೇ ಮುರದ ಹಳೇ ರಿಂಗಿನ ತುಂಡಿನಿಂದ ಹಗುರಕ ತಗದ. ಅಲ್ಲಿ ಲೋಹ ಕೆರದ್ರ ಹೊಸಾ ರಿಂಗ್ ಸಡಲ ಕೂಡತದ.

ಇನ್ನೊಂದು ಮಾತು. ಬರೇ ತಿಕ್ಕಿ ಕೂಡಿಸೋಣ, ರಿಂಗಿಗೆ ರೊಕ್ಕ ಯಾಕ ಅಂದ್ರು ಇವರು. ಗ್ಯಾಸ್ ಬರ್ನರ್ ಹಳದಿ ಉರಿಲಿಕ್ಕತ್ತಿದ್ರ ದಿನಾ ಪಾತ್ರಿ ಬುಡ ತಿಕ್ಕಿ ಏನ್ ಉಪಯೋಗ? ಬರ್ನರ್ ಸರಿ ಮಾಡಬೇಕು. ಹೊಸಾ ರಿಂಗ್ ಹಾಕಿಸೇ ಬಿಟ್ಟೆ.

ಈಗ ಕೀಲಿ ತಗದ ಕೂಡ್ಲೇ ಗಾಡಿ ನಿಲ್ತದ. ತೂತು ಬಿದ್ದ ಮುಚ್ಚಳ ಹಿತ್ತಲ ಗ್ವಾಡಿಗೆ ನೇತು ಹಾಕೇನಿ. ಉಳದ ಸೋಡಾ ಬಚ್ಚಲದ ಮಾಡಿನ್ಯಾಗ ಅದ, ಮೋರಿ ಕಟ್ಟಿದಾಗ ಬೇಕಾಗತದ.