ಹೆದರಿಸದ ಚಂದ್ರಮುಖಿ



ಕಳೆದ ಸಂಚಿಕೆಯಲ್ಲಿ ಹೋಳಿಗೆಯ ಕಣಕದ ಬಗ್ಗೆ ಬರೆದು ನಿಮ್ಮಿಂದ ಚೆನ್ನಾಗಿ ಬೈಸಿಕೊಂಡೆ. "ಆಂಟಿ, ಎಷ್ಟು ದಿನ ಅಂತ ಅಡುಗೆಮನೆ? ಸ್ವಲ್ಪ ಸಿನಿಮಾ ಬಗ್ಗೆಯೂ ಬರೆಯಿರಿ" ಎಂದಿರಿ. ಆಗಲಿ, ಈ ಸಲ ಸಿನಿಮಾ. ಅದಕ್ಕೆ ಕಾರಣವೂ ತಾನಾಗಿಯೇ ಒದಗಿ ಬಂತು. ಮುಂದಿನ ತಿಂಗಳು ಒಂದು ಶನಿವಾರ ಸಂಜೆ ಸಂಘದಲ್ಲಿ ಕನ್ನಡ ಚಿತ್ರ ತೋರಿಸಬೇಕೆಂದು ನಿಮ್ಮಲ್ಲಿ ಏಳೆಂಟು ಜನ ನಮ್ಮ ಮನೆಯ ವರಾಂಡದಲ್ಲಿ ಸೇರಿ ಚರ್ಚೆ ನಡೆಸಿದಿರಷ್ಟೆ. "ದೆವ್ವದ ಚಿತ್ರ ಹಾಕೋಣ" ಎಂದು ಒಬ್ಬ ಬಾಯಿ ಬಿಟ್ಟದ್ದೇ ತಡ, ಎಲ್ಲರೂ ನನ್ನ ಮುಖ ನೋಡಿ ಗೊಳ್ಳೆಂದು ನಕ್ಕಿರಿ. ನಗುವಿನ ಕಾರಣ ನನಗೆ ಗೊತ್ತಿತ್ತು. ಗೊತ್ತಿಲ್ಲದ ಓದುಗರಿಗಾಗಿ ಹೇಳಿಬಿಡುತ್ತೇನೆ.

'ಚಂದ್ರಮುಖಿ 2' ಬಿಡುಗಡೆಯಾದದ್ದು 2023ರ ಸೆಪ್ಟೆಂಬರ್ 28ರಂದು. ಅಂದು ನಮ್ಮ ಹೈದರಾಬಾದಿನಲ್ಲಿ ಗಣೇಶನ ನಿಮಜ್ಜನ. ಮನೆಯಿಂದ ಕದಲುವ ಹಾಗಿರಲಿಲ್ಲ. ಅಕ್ಟೋಬರ್ 2ರ ರಜೆಗೆ ಹನ್ನೊಂದು ಜನ ಮೂರು ಆಟೋಗಳಲ್ಲಿ ಹೊರಟೆವು. ಟಿಕೆಟ್ ಕೊಡಿಸಿದವಳು ನಾನೇ! "ಪಿ. ವಾಸು ನಿರ್ದೇಶನ ಕಣ್ರೋ, 2004ರಲ್ಲಿ ನಮ್ಮ 'ಆಪ್ತಮಿತ್ರ' ತೆಗೆದವರು ಅವರೇ, ರಾತ್ರಿ ನಿದ್ದೆ ಬರಲ್ಲ ನೋಡಿ" ಎಂದು ಹಬ್ಬಕ್ಕೆ ಮೊದಲಿಂದಲೂ ಜಂಬ ಕೊಚ್ಚಿದ್ದೆ. ಎನ್.ಟಿ.ಆರ್. ಕಟ್ಟಿಸಿದ ರಾಮಕೃಷ್ಣ ಸ್ಟುಡಿಯೋದ ನೆರೆಯ ನಾಚಾರಂನಲ್ಲಿ ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಸಿನಿಮಾದ ಬಗ್ಗೆ ಮಾತಾಡುವ ಹಕ್ಕು ಇದ್ದೇ ಇದೆ ಎಂಬ ಧೈರ್ಯ ಬೇರೆ.

ಆದದ್ದೇನು? ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಮ್ಮ ಸಾಲಿನ ಹುಡುಗನೊಬ್ಬ ಬೆರಳು ಮಡಚುತ್ತಾ "ಒಂದು, ಎರಡು, ಮೂರು, ಈಗ ಬಾಗಿಲು" ಎಂದ. ಬಾಗಿಲು ತೆರೆದುಕೊಂಡಿತು. "ಈಗ ಜೋರಾಗಿ ಡಬ್ ಡಬ್" ಎಂದ. ಅದೂ ಆಯಿತು. ಇನ್ನೊಬ್ಬಳು, "ಆಂಟಿ, ಇದು ಭೂತದ ಬಂಗಲೆ ಅಲ್ಲ, ಮದುವೆ ಛತ್ರ. ಇಷ್ಟು ಜನ ಇರೋ ಕಡೆ ದೆವ್ವಕ್ಕೇ ಉಸಿರುಗಟ್ಟುತ್ತೆ" ಎಂದಳು. ನಮ್ಮ ಮನೆಯವರು ಎ.ಸಿ. ತಂಪಿಗೆ ಸುಖವಾಗಿ ನಿದ್ದೆ ಹೋಗಿದ್ದರು. ಕೊನೆಯಲ್ಲಿ ಎರಡು ಆತ್ಮಗಳು ಕತ್ತಿ ಹಿಡಿದು ಕಾದಾಡುವಾಗ ಹಿಂದಿನ ಸಾಲಿನ ತೆಲುಗು ತಾತ "ಡಬ್ಬುಲು ದಂಡಗ" ಎಂದು ಎದ್ದೇ ಹೋದರು. ಕಂಗನಾ ರಣಾವತ್ ನಾಟ್ಯಕ್ಕೆ ಶ್ರಮಪಟ್ಟಿದ್ದರು, ಕೀರವಾಣಿಯವರ ಸಂಗೀತವಿತ್ತು, ಅರಮನೆಯೂ ಭವ್ಯವಾಗಿತ್ತು. ಭಯ ಮಾತ್ರ ಇರಲಿಲ್ಲ. ವಾಪಸು ಬರುವಾಗ ಆಟೋದಲ್ಲಿ ಹಬ್ಸಿಗುಡದವರೆಗೂ ನನಗೆ ಗೇಲಿ.

ಬಿ.ಎ. ತರಗತಿಯಲ್ಲಿ ನಾವು ಜೇನ್ ಆಸ್ಟೆನ್‌ಳ 'ನಾರ್ಥಾಂಗರ್ ಅಬ್ಬೆ' ಓದಿದ್ದೆವು. ಕ್ಯಾಥರೀನ್ ಎಂಬ ಹುಡುಗಿ ಭೂತದ ಕಾದಂಬರಿಗಳನ್ನು ತಲೆಗೆ ತುಂಬಿಕೊಂಡು ಹಳೆಯ ಬಂಗಲೆಗೆ ಅತಿಥಿಯಾಗಿ ಹೋಗುತ್ತಾಳೆ. ನಡುರಾತ್ರಿ, ಬಿರುಗಾಳಿ, ಒಂದು ಕರಿಯ ಬೀರು, ಅದರೊಳಗೆ ಸುರುಳಿ ಸುತ್ತಿದ ಕಾಗದ! ಬೆಳಗ್ಗೆ ಬಿಡಿಸಿ ನೋಡಿದರೆ ಅಗಸರ ಲೆಕ್ಕದ ಚೀಟಿ. 1817ರ ಡಿಸೆಂಬರಿನಲ್ಲಿ ಹೊರಬಂದ ಪುಸ್ತಕ ಅದು. ಅಂದು ನನಗೂ ಕೈಯಲ್ಲಿ ಅಗಸರ ಚೀಟಿ ಹಿಡಿದು ಬಂದಂತೆಯೇ ಆಗಿತ್ತು.

ಆದರೆ ಒಬ್ಬಳು ನಕ್ಕಿರಲಿಲ್ಲ. ಆಗ ಇಂಟರ್ ಓದುತ್ತಿದ್ದ ಹುಡುಗಿ. ಇಳಿಯುವಾಗ ಮೆಲ್ಲಗೆ ಕೇಳಿದಳು: "ಆಂಟಿ, ಮೊದಲಿನ ಚಿತ್ರದಲ್ಲಿ ಅವಳಿಗೆ ಕಾಯಿಲೆ ಅಂತ ಹೇಳಿದ್ದರಲ್ಲ? ಇದರಲ್ಲಿ ಯಾಕೆ ನಿಜವಾದ ದೆವ್ವ ಆಯಿತು?"

ಎಲ್ಲರ ಗೇಲಿಗಿಂತ ಆ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿದೆ. ಆಗ ಉತ್ತರ ಕೊಡದೆ ಜಾರಿಕೊಂಡೆ. ಈಗ ಕೊಡುತ್ತೇನಮ್ಮ.

ಈ ಕಥೆಯ ಮೂಲ ಕೇರಳದ್ದು. 1993ರಲ್ಲಿ ಫಾಜಿಲ್ ನಿರ್ದೇಶಿಸಿದ 'ಮಣಿಚಿತ್ರತಾಳ್'. ಗಂಗಾ ಎಂಬ ಹೆಣ್ಣುಮಗಳು ಗಂಡನ ಹಳೆಯ ಮನೆಗೆ ಬರುತ್ತಾಳೆ. ಎಳವೆಯಲ್ಲಿ ಹೆತ್ತವರು ಅಜ್ಜಿಯ ಬಳಿ ಬಿಟ್ಟುಹೋದ ಕೂಸು ಅವಳು. ಗಂಡ ಒಳ್ಳೆಯವನೇ, ಆದರೆ ಮೂರು ಹೊತ್ತೂ ಕೆಲಸ. ದೊಡ್ಡ ಮನೆ, ಮಾತಿಗೆ ಜೊತೆಯಿಲ್ಲ. ಬೀಗ ಹಾಕಿದ ಕೋಣೆಯ ನರ್ತಕಿ ನಾಗವಲ್ಲಿಯ ಕಥೆಯೇ ಅವಳಿಗೆ ಜೊತೆ. ಕೊನೆಗೆ ತಾನೇ ನಾಗವಲ್ಲಿ ಎನ್ನುವಷ್ಟು ಮನಸ್ಸು ಒಡೆಯುತ್ತದೆ. ಶೋಭನಾಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಗಂಗಾ ನಮ್ಮ ಮುಳಬಾಗಿಲಿನ ಸೌಂದರ್ಯ. ನಿಮ್ಮ ತೆಲುಗು ಗೆಳೆಯರು ಆಕೆಯನ್ನು ತಮ್ಮವಳೆಂದೇ ತಿಳಿದಿರುತ್ತಾರೆ, ವಾದಕ್ಕೆ ಇಳಿಯಬೇಡಿ, ಇಬ್ಬರಿಗೂ ಸೇರಿದವಳು. 2004ರ ಏಪ್ರಿಲ್ 17ರಂದು ನಮ್ಮ ಕರೀಂನಗರಕ್ಕೆ ಚುನಾವಣಾ ಪ್ರಚಾರಕ್ಕೆ ಹೊರಟ ಪುಟ್ಟ ವಿಮಾನ ಬೆಂಗಳೂರಿನಲ್ಲೇ ಉರುಳಿ ಆಕೆ ಹೋಗಿಬಿಟ್ಟಳು. 'ಆಪ್ತಮಿತ್ರ' ತೆರೆ ಕಂಡದ್ದು ಆಗಸ್ಟ್ ಕೊನೆಯಲ್ಲಿ. ಇಲ್ಲದ ಹೆಣ್ಣು ಇಲ್ಲದ ಇನ್ನೊಂದು ಹೆಣ್ಣಾಗಿ ಕುಣಿಯುವುದನ್ನು ನೋಡುವಾಗ ಚಿತ್ರಮಂದಿರದಲ್ಲಿ ಒಬ್ಬರೂ ಸೀನುತ್ತಿರಲಿಲ್ಲ.

ಆ ಚಿತ್ರವನ್ನು ನಾನು ನೋಡಿದ್ದು ಆ ವರ್ಷದ ದಸರಾ ರಜೆಯಲ್ಲಿ, ಬೆಂಗಳೂರಿನಲ್ಲಿ, ನನ್ನ ಚಿಕ್ಕಮ್ಮನ ಮಗಳ ಜೊತೆ. ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ನಾನು ಮದುವೆಯಾಗಿ ನಾಚಾರಂಗೆ ಬಂದ ಎರಡು ವರ್ಷಕ್ಕೆ, 1993ರಲ್ಲಿ, ಅವಳಿಗೆ ಗಂಡುಮಗುವಾಯಿತು. ನಾಮಕರಣಕ್ಕೆಂದು ತುಮಕೂರು ಕಡೆಯ ನಮ್ಮ ಊರಿಗೆ ಹೋದರೆ, ಹುಡುಗಿ ಗುರುತು ಹಿಡಿಯಲಿಲ್ಲ. ನಿದ್ದೆಯಿಲ್ಲ, ಮಗುವನ್ನು ಮುಟ್ಟುತ್ತಿಲ್ಲ, "ಇದು ನನ್ನದಲ್ಲ, ಬದಲಾಯಿಸಿದ್ದಾರೆ" ಎನ್ನುತ್ತಿದ್ದಳು. ಒಮ್ಮೊಮ್ಮೆ ಸತ್ತುಹೋದ ನಮ್ಮ ಸೋದರತ್ತೆಯ ದನಿಯಲ್ಲಿ ಮಾತು. ಹಳಬರು ಇದಕ್ಕೆ ಬಾಣಂತಿ ಸನ್ನಿ ಎನ್ನುತ್ತಿದ್ದರು. ಹೆಸರು ಗೊತ್ತಿತ್ತು, ಔಷಧವಿದೆ ಎಂಬುದು ಗೊತ್ತಿರಲಿಲ್ಲ. ಮಂತ್ರವಾದಿ ಬಂದ. ಮೆಣಸಿನಕಾಯಿ ಹೊಗೆ, ಬೇವಿನ ಬರಲಿನ ಏಟು, ನಿಂಬೆಹಣ್ಣು. ಹಸಿ ಬಾಣಂತಿಯ ಬೆನ್ನಿನ ಮೇಲೆ ಬಾಸುಂಡೆ. ಇಂಗ್ಲಿಷ್ ಬಿ.ಎ. ಓದಿದ ನಾನು ಬಾಗಿಲ ಬಳಿ ಸುಮ್ಮನೆ ನಿಂತು ನೋಡಿದೆ. ಹೊಸ ಸೊಸೆ, ಹೊರಗಿನವಳು, ನಾನೇನು ಹೇಳಲಿ ಎಂಬ ಸಂಕೋಚ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಏಳು ತಿಂಗಳಾದ ಮೇಲೆ ಅವಳ ಸೋದರಮಾವ ಜಗಳವಾಡಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ದರು. ಮಾತ್ರೆ, ನಿದ್ದೆ, ಮಾತುಕತೆ. ವರ್ಷ ತುಂಬುವುದರೊಳಗೆ ಮಗುವಿಗೆ ತಾನೇ ಎಣ್ಣೆ ಹಚ್ಚಿ ನೀರು ಹಾಕಿದಳು. ಈಗ ಅವಳಿಗೆ ಮೊಮ್ಮಗಳಿದ್ದಾಳೆ.

ಚಿತ್ರದಲ್ಲಿ ವಿಷ್ಣುವರ್ಧನ್ ಮನೋವೈದ್ಯ ವಿಜಯ್. "ಇವಳಿಗೆ ದೆವ್ವ ಹಿಡಿದಿಲ್ಲ, ಕಾಯಿಲೆ" ಎಂಬ ಅರ್ಥದ ಮಾತು ಬಂದಾಗ ನನ್ನ ತಂಗಿ ನನ್ನ ಕೈ ಹಿಡಿದುಕೊಂಡಳು. ಹೊರಗೆ ಬಂದು ಕಾಫಿ ಕುಡಿಯುವಾಗ, "ನನಗೂ ಒಬ್ಬ ವಿಜಯ್ ಡಾಕ್ಟರ್ ಸಿಕ್ಕಿದ ಅಕ್ಕ, ಏಳು ತಿಂಗಳು ತಡವಾಗಿ" ಎಂದಳು. ನಕ್ಕುಕೊಂಡೇ ಹೇಳಿದಳು. ನನಗೆ ಕಾಫಿ ಇಳಿಯಲಿಲ್ಲ.

ಚಿತ್ರವೇನು ವೈದ್ಯಶಾಸ್ತ್ರದ ಪುಸ್ತಕವಲ್ಲ. ಒಂದು ಬೊಂಬೆಯನ್ನು ಕಡಿಸಿ ಕಾಯಿಲೆ ವಾಸಿಮಾಡುವುದು ಸಿನಿಮಾದಲ್ಲಿ ಮಾತ್ರ ಸಾಧ್ಯ. ಮೇಲಾಗಿ ಮಂತ್ರದ ಆಚಾರ್ಯರನ್ನೂ ಡಾಕ್ಟರ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದಾರೆ. ಆದರೂ ಲಕ್ಷಾಂತರ ಮನೆಗಳಿಗೆ ಅದೊಂದು ಮಾತು ತಲುಪಿತಲ್ಲ! 2005ರಲ್ಲಿ ರಜನೀಕಾಂತರ 'ಚಂದ್ರಮುಖಿ'ಯೂ ಅದನ್ನೇ ಹೇಳಿತು. ಆಮೇಲೆ ದುಡ್ಡಿನ ಲೆಕ್ಕ ಶುರು. 2010ರಲ್ಲಿ, ವಿಷ್ಣು ತೀರಿಕೊಂಡ ಮೇಲೆ ಬಂದ 'ಆಪ್ತರಕ್ಷಕ'; ಅದೇ ವರ್ಷ ಡಿಸೆಂಬರಿನಲ್ಲಿ ತೆಲುಗಿನ 'ನಾಗವಲ್ಲಿ', ನಮ್ಮ ಮಂಗಳೂರಿನ ಅನುಷ್ಕಾ ಶೆಟ್ಟಿ ಇದ್ದದ್ದು. 2023ರ ಹೊತ್ತಿಗೆ ಗಂಗಾ ಎಂಬ ಒಂಟಿ ಹೆಣ್ಣು ಕಥೆಯಿಂದ ಸಂಪೂರ್ಣ ಮಾಯ. ಉಳಿದದ್ದು ಕುಂಕುಮ, ಗೆಜ್ಜೆ, ಕತ್ತಿ. ಹುಡುಗಿಯ ಪ್ರಶ್ನೆಗೆ ನನ್ನ ಉತ್ತರ ಇದೇ: ಕಾಯಿಲೆ ವಾಸಿಯಾದರೆ ಕಥೆ ಮುಗಿಯುತ್ತದೆ, ದೆವ್ವವಾದರೆ ಮೂರನೆಯ ಭಾಗವನ್ನೂ ತೆಗೆಯಬಹುದು.

ಹಾಗೆಂದು ನಿಜವಾದ ದೆವ್ವದ ಚಿತ್ರವೇ ಬೇಡ ಎನ್ನುವ ಶಿಸ್ತಿನವಳಲ್ಲ ನಾನು. 1979ರ 'ನಾ ನಿನ್ನ ಬಿಡಲಾರೆ'ಯನ್ನು ಟೂರಿಂಗ್ ಟಾಕೀಸಿನಲ್ಲಿ ಅಜ್ಜಿಯ ಸೆರಗಿನೊಳಗಿಂದ ನೋಡಿ ಮೂರು ದಿನ ಜ್ವರ ಬರಿಸಿಕೊಂಡವಳು. ಅನಂತನಾಗ್ ಕಣ್ಣು ಕೆಂಪಗೆ ಮಾಡಿದರೆ ಈಗಲೂ ಲೈಟ್ ಹಾಕಿಸುತ್ತೇನೆ. ಆ ಚಿತ್ರ ತಾನು ನಂಬಿದ್ದನ್ನು ಕೊನೆಯವರೆಗೂ ನಂಬಿತ್ತು. ಅರ್ಧ ಹಾಸ್ಯ, ಅರ್ಧ ಹೊಡೆದಾಟ, ನಡುವೆ ಕಾಲು ಗಂಟೆ ದೆವ್ವ ಎಂದು ಹಂಚಿರಲಿಲ್ಲ.

ಇನ್ನೊಂದು ತಮಾಷೆ ಗಮನಿಸಿದ್ದೀರಾ? ಈ ನರ್ತಕಿಯ ದೆವ್ವ ಯಾವಾಗಲೂ ಪಕ್ಕದ ಭಾಷೆಯವಳು! ಮಲಯಾಳದಲ್ಲಿ ತಮಿಳು ಮಾತಾಡುತ್ತಾಳೆ. ಕನ್ನಡದಲ್ಲಿ ತೆಲುಗು, ತಮಿಳಿನಲ್ಲೂ ತೆಲುಗು. ತೆಲುಗಿಗೆ ಡಬ್ ಆದಾಗ ಪಾಪ ತಮಿಳಿಗೆ ವರ್ಗ. ಹಿಂದಿಯ 'ಭೂಲ್ ಭುಲಯ್ಯಾ'ದಲ್ಲಿ ಬಂಗಾಳಿ. ಅರ್ಥವಾಗದ ಭಾಷೆಯಲ್ಲಿ ಮಾತಾಡುವ ಹೆಣ್ಣೆಂದರೆ ಎಲ್ಲ ಊರಿಗೂ ಸ್ವಲ್ಪ ಭಯವೇ ಇರಬೇಕು. 1991ರಲ್ಲಿ ನಾಚಾರಂನ ಕಿರಾಣಿ ಅಂಗಡಿಯಲ್ಲಿ ನಿಂತು ಉದ್ದಿನಬೇಳೆಗೆ ಕೈಸನ್ನೆ ಮಾಡುತ್ತಿದ್ದ ನನ್ನನ್ನು ಅಂಗಡಿಯಾತ ನೋಡುತ್ತಿದ್ದ ರೀತಿ ನೆನಪಾಗುತ್ತದೆ.

ಕೊನೆಗೆ ವರಾಂಡದಲ್ಲಿ ತೀರ್ಮಾನವಾದದ್ದು 'ಆಪ್ತಮಿತ್ರ'ವೇ. ನನ್ನ ತಂಗಿಯೂ ಆ ವಾರ ಇಲ್ಲಿಗೆ ಬರುತ್ತಿದ್ದಾಳೆ. ಅವಳ ಕಥೆ ಬರೆಯಲು ಫೋನಿನಲ್ಲಿ ಒಪ್ಪಿಗೆ ಕೇಳಿದಾಗ, "ಹೆಸರು ಬೇಡ, ಉಳಿದದ್ದೆಲ್ಲ ಬರಿ" ಎಂದಳು. ಸಂಜೆ ಆರಕ್ಕೆ ಸರಿಯಾಗಿ ಬನ್ನಿ, ಚುರುಮುರಿ ನನ್ನ ಕಡೆಯಿಂದ. 'ರಾ ರಾ' ಹಾಡು ಬಂದಾಗ ಮಾತ್ರ ಅರ್ಥ ಹೇಳಿ ಎಂದು ನನ್ನನ್ನು ಪೀಡಿಸಬೇಡಿ. ನಿಮ್ಮ ತೆಲುಗು ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ.