ಶಿಶುಗೀತೆಯ ಒಂದು ಮಾತ್ರೆ

ಮಕ್ಕಳ ಪದ್ಯ ಮುಗಿದೊಡನೆ ‘ಪ್ರಾಸಪದಗಳನ್ನು ಬರೆಯಿರಿ’ ಎಂದೂ ‘ಈ ಪದ್ಯದ ನೀತಿಯೇನು’ ಎಂದೂ ಕೇಳುವುದು ನಮ್ಮಲ್ಲಿ ರೂಢಿ. ಪದ್ಯದ ನಿಜವಾದ ಕೆಲಸ ಈ ಎರಡು ಪ್ರಶ್ನೆಗಳ ನಡುವೆ ನುಸುಳಿಹೋಗುತ್ತದೆ.

ಜಿ.ಪಿ. ರಾಜರತ್ನಂ ಅವರ ‘ನಾಯಿಮರಿ’ ಪದ್ಯವನ್ನೇ ನೋಡಬಹುದು. ಮಗು ಕೇಳುತ್ತದೆ, ಮರಿ ಉತ್ತರಿಸುತ್ತದೆ. ತಿಂಡಿಗೆ ಪ್ರತಿಯಾಗಿ ಮನೆಯ ಕಾವಲು. (ಅರ್ಥಶಾಸ್ತ್ರ ಓದಿದವರಿಗೆ ಇದು ಕೂಲಿಯ ಕರಾರಿನಂತೆಯೂ ಕಂಡೀತು.) ಹಳೆಯ ಕಾವ್ಯದಲ್ಲಿ ಪ್ರಾಸವೆಂದರೆ ಸಾಲಿನ ಎರಡನೆಯ ಅಕ್ಷರದ್ದು, ಇಲ್ಲಿ ಅದು ಸಾಲಿನ ತುದಿಯಲ್ಲಿದೆ. ಪ್ರಶ್ನೆಯ ಕೊನೆಯ ಸದ್ದು ಕಿವಿಯಲ್ಲಿರುವಾಗಲೇ ಉತ್ತರ ಬಂದು ಅದಕ್ಕೆ ಜೋಡಿಯಾಗುತ್ತದೆ. ಮೊದಲ ಸಾಲುಗಳಲ್ಲಂತೂ ಕವಿ ಪ್ರಾಸಕ್ಕಾಗಿ ಹೊಸ ಪದವನ್ನೇ ಹುಡುಕಿಲ್ಲ. ‘ಬೇಕು’ ಎಂಬುದೇ ಮರಳಿ ಮರಳಿ ಬರುತ್ತದೆ. ಮಗುವಿಗೆ ಬೇಗನೆ ಒಗ್ಗುವ ಮಾತುಗಳಲ್ಲಿ ಅದೂ ಒಂದಲ್ಲವೇ?

ಲಯದ ಲೆಕ್ಕ ಇನ್ನೂ ಸ್ವಾರಸ್ಯಕರ. ಪದ್ಯದ ನಡಿಗೆ 3 ಮಾತ್ರೆಗಳ ಗಣದ್ದು. ‘ನಾಯಿಮರಿ’ ಎಂಬ ಪದಕ್ಕೆ ಛಂದಸ್ಸಿನ ಪ್ರಕಾರ 5 ಮಾತ್ರೆ ಮಾತ್ರ: ‘ನಾ’ ಗುರು, ಉಳಿದ ಮೂರೂ ಲಘು. ಎರಡು ಗಣ ತುಂಬಲು ಒಂದು ಮಾತ್ರೆ ಸಾಲದು. ಆದರೆ ಕರೆಯುವಾಗ ಕೊನೆಯ ಸ್ವರವನ್ನು ಎಳೆಯದವರುಂಟೇ? ‘ಮರೀ’ ಎಂದೊಡನೆ ಲೆಕ್ಕ ಸರಿಹೋಗುತ್ತದೆ.

ಕನ್ನಡದಲ್ಲಿ ಈ ಒಂದು ಮಾತ್ರೆ ಅಲ್ಪವಲ್ಲ. ‘ಬಳೆ’ಗೂ ‘ಬಾಳೆ’ಗೂ, ‘ಕತೆ’ಗೂ ‘ಕತ್ತೆ’ಗೂ ಇರುವ ಅಂತರ ಅಷ್ಟೇ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದೆಂಬ ನಿಯಮವನ್ನು ಮುಂದೆಂದೋ ಪ್ರಸ್ತಾರ ಹಾಕಿ ಕಲಿಯುತ್ತೇವೆ. ಶಿಶುಗೀತೆ ಅದನ್ನು ಬಹು ಮೊದಲೇ ಚಪ್ಪಾಳೆಯಲ್ಲಿ ಕಲಿಸಿರುತ್ತದೆ. ಮನೆಯೊಳಗೆ ಕನ್ನಡ ಕ್ಷೀಣಿಸಿರುವ ನಗರದ ಮಕ್ಕಳಿಗೆ ಈ ಪಾಠ ಬೇರೆಡೆ ಸಿಗುವುದು ಕಷ್ಟ.

ಹಾಗಿರುವಾಗ ಸ್ವಚ್ಛತೆ, ಪರಿಸರ, ನೀರಿನ ಮಿತಬಳಕೆ ಎಂದು ಹೊಸೆಯುವ ಪದ್ಯಗಳಲ್ಲಿ ತುದಿಗೆ ಪ್ರಾಸ ಅಂಟಿಸಿ, ಒಳಗೆ 3, 4, 5 ಮಾತ್ರೆಗಳನ್ನು ಗೊತ್ತುಗುರಿಯಿಲ್ಲದೆ ಕಲಸಿಬಿಡುವುದು ಸಣ್ಣ ದೋಷವಲ್ಲ. (ಪದ್ಯದ ವೇಷ ತೊಟ್ಟ ಘೋಷಣೆಗಳ ಕಡತಗಳು ಸೇವಾವಧಿಯಲ್ಲಿ ನನ್ನ ಮೇಜನ್ನೂ ಹಾದುಹೋಗಿವೆ.) ಕೈತಟ್ಟಲು ಹೊರಟ ಮಗು ಅಲ್ಲಿ ಎಡವುತ್ತದೆ, ಕಂಠಪಾಠ ಬಾರದೆಂಬ ಬೈಗುಳವೂ ಅದಕ್ಕೇ ಸಲ್ಲುತ್ತದೆ. ಪಠ್ಯಕ್ಕೆ ಪದ್ಯ ಆರಿಸುವವರು ಅದರ ಆಶಯವನ್ನು ಚರ್ಚಿಸಲಿ, ಬೇಡವೆನ್ನುವುದಿಲ್ಲ. ಜೊತೆಗೆ ಐದಾರು ವರ್ಷದ ನಾಲ್ಕಾರು ಮಕ್ಕಳಿಂದ ಅದನ್ನು ಹಾಡಿಸಿ, ಚಪ್ಪಾಳೆ ಎಲ್ಲಿ ತಪ್ಪುತ್ತದೆಂದು ಗುರುತು ಹಾಕಿಕೊಳ್ಳಲಿ. ಅದಕ್ಕೆ ಒಂದು ಬೆಳಗು ಸಾಕು.