ಬೆಚ್ಚನೆಯ ಪ್ರಳಯ

ಮಳೆಗಾಲದ ಇರುಳು, ಬಾಗಿಲಿಗೆ ಅಗುಳಿ, ಒಲೆಯಲ್ಲಿ ಕೆಂಡ. ಇಂತಹ ಹೊತ್ತಿನಲ್ಲಿ ಭಯದ ಕಥೆಯಷ್ಟು ಹಿತವಾದುದು ಮತ್ತೊಂದಿಲ್ಲ. ಮಕ್ಕಳು ಅಜ್ಜಿಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡೇ "ಆಮೇಲೆ?" ಎಂದು ಕೇಳುವರು. ಅಂಜಿಕೆಯೂ ಬೇಕು, ಸೆರಗೂ ಬೇಕು. ಈ ವಿಷಯದಲ್ಲಿ ದೊಡ್ಡವರಾದ ನಾವೂ ಮಕ್ಕಳೇ ಸರಿ. ಆಂಗ್ಲ ಸಾಹಿತ್ಯದಲ್ಲಿ ಲೋಕನಾಶವನ್ನು ಬಣ್ಣಿಸುವ ವಿಜ್ಞಾನ ಕಾದಂಬರಿಗಳೆಂಬುದೊಂದು ವರ್ಗವುಂಟು. ಅವುಗಳನ್ನು ಓದುವವರ ಕೈಯಲ್ಲಿಯೂ ಇಂತಹದೊಂದು ಸೆರಗಿರುತ್ತದೆ.

ಆ ವರ್ಗದಲ್ಲಿ ಬಹು ಪ್ರಸಿದ್ಧವಾದುದು ಜಾನ್ ವಿಂಡಮ್ ಎಂಬವರು 1951ರಲ್ಲಿ ಪ್ರಕಟಿಸಿದ 'ದಿ ಡೇ ಆಫ್ ದಿ ಟ್ರಿಫಿಡ್ಸ್'. ಟ್ರಿಫಿಡ್ ಎಂಬುದು ನಡೆದಾಡುವ ಒಂದು ಗಿಡ. ಅದಕ್ಕೆ ವಿಷದ ಕೊಂಡಿಯೂ ಉಂಟು. ಆದರೂ ಅದರ ಎಣ್ಣೆ ಲಾಭದಾಯಕವಾದುದರಿಂದ ಜನರು ಅದನ್ನು ತೋಟವಾಗಿ ಬೆಳೆಸುವರು. ಕೊಂಡಿಯನ್ನು ಕತ್ತರಿಸಿ ಮನೆಯಂಗಳದಲ್ಲಿಯೂ ಸಾಕುವರು. ಒಂದು ರಾತ್ರಿ ಆಕಾಶದಲ್ಲಿ ಹಸುರು ಬೆಳಕಿನ ಸುರಿಮಳೆಯಾಗುತ್ತದೆ. ಅದನ್ನು ನೋಡಿದವರೆಲ್ಲರೂ ಬೆಳಗಾಗುವಷ್ಟರಲ್ಲಿ ಕುರುಡರು! ಸಾಕಿದ ಗಿಡವೇ ಆಗ ಸಾಕಿದವರ ಬೇಟೆಗೆ ಹೊರಡುತ್ತದೆ. ಕಥಾನಾಯಕನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದುದರಿಂದ ದೃಷ್ಟಿಯನ್ನುಳಿಸಿಕೊಳ್ಳುವನು. ಮುಂದೆ ಆತನಿಗೆ ಒಲಿದ ಹೆಣ್ಣು ದೊರೆಯುವಳು, ಬೇಲಿ ಹಾಕಿದ ಹಳ್ಳಿಮನೆ ದೊರೆಯುವುದು, ಕಡೆಗೆ ಆಸರೆಗೊಂದು ದ್ವೀಪವೂ ದೊರೆಯುವುದು. ಬ್ರಿಯಾನ್ ಆಲ್ಡಿಸ್ ಎಂಬ ಲೇಖಕರು 1973ರಲ್ಲಿ ಇಂತಹ ಕಥೆಗಳಿಗೆ 'ಬೆಚ್ಚನೆಯ ಪ್ರಳಯ' ಎಂಬರ್ಥದ ಹೆಸರನ್ನಿಟ್ಟು ಪರಿಹಾಸ್ಯ ಮಾಡಿದರು. ಲೋಕವೆಲ್ಲ ಅಳಿಯುತ್ತಿರುವಾಗ ನಾಯಕನೊಬ್ಬನಿಗೆ ಮಾತ್ರ ಒಂದಿಷ್ಟು ಸುಖವೇ ಎಂಬುದು ಅವರ ಆಕ್ಷೇಪ.

ಆಕ್ಷೇಪವು ನ್ಯಾಯವಾದುದೇ. ಪ್ರಳಯವು ಬೆಚ್ಚಗಿರುವುದು ಓದುವವರಿಗೆ ಮಾತ್ರ. ಎಚ್. ಜಿ. ವೆಲ್ಸ್ ಅವರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಪುಸ್ತಕರೂಪದಲ್ಲಿ ಬಂದುದು 1898ರಲ್ಲಿ. ಮಂಗಳ ಗ್ರಹದವರು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬರುವರು. ಅವರೊಡನೆ ಬಂದ ಕೆಂಪು ಕಳೆಯು ನದಿಗಳನ್ನೇ ತುಂಬಿಬಿಡುವುದು. ಕಡೆಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಶತ್ರುಗಳನ್ನೂ ಕಳೆಯನ್ನೂ ಕೊಂದು ಮನುಷ್ಯರನ್ನು ಕಾಪಾಡುವುವು. ಅದೇ 1898ರ ಆಗಸ್ಟ್ ತಿಂಗಳಿನಲ್ಲಿ ನಮ್ಮ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಇಲ್ಲಿ ಸೂಕ್ಷ್ಮಜೀವಿಯು ಮನುಷ್ಯರ ಪಕ್ಷವನ್ನು ವಹಿಸಲಿಲ್ಲ. ಜನರು ಮನೆಗಳಿಗೆ ಬೀಗ ಹಾಕಿ ಊರ ಹೊರಗಣ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡರು. ಹಿಂದಿರುಗಿ ಬಂದು ಬೀಗ ತೆಗೆಯುವ ಭಾಗ್ಯ ಅನೇಕರಿಗಿರಲಿಲ್ಲ. ಗಾಳಿ ಬೆಳಕುಗಳುಳ್ಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಆ ಸಂಕಟದ ತರುವಾಯ ಬೆಳೆದುವು.

ಹಾಗಾದರೆ ಈ ಹಿತವಾದ ಅಂಜಿಕೆಯಿಂದ ಪ್ರಯೋಜನವೇನೂ ಇಲ್ಲವೆ? ಉಂಟೆಂದೇ ನಮ್ಮ ಎಣಿಕೆ. ಅದನ್ನು ತಿಳಿಯಲು ಇಂಗ್ಲೆಂಡಿಗೆ ಹೋಗಬೇಕಾದುದಿಲ್ಲ, ತರೀಕೆರೆಯ ಸೀಮೆಯ ಹೆಬ್ಬೆಗೆ ಹೋದರೆ ಸಾಕು. ಕೆಮ್ಮಣ್ಣುಗುಂಡಿಯಿಂದ ಇಳಿದು, ಕಾಫಿಯ ತೋಟಗಳನ್ನು ಹಾದು, ಕಾಲಿಗೆ ಹತ್ತಿದ ಇಂಬಳಗಳನ್ನು ಕೊಡವಿಕೊಳ್ಳುತ್ತ ನಡೆದವರಿಗೆ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಮೆಟ್ಟಲಾಗಿ ಸುಮಾರು 550 ಅಡಿ ಧುಮುಕುವ ನೀರು ಕಾಣಿಸುತ್ತದೆ. ನೋಡುವವರ ಕಣ್ಣೆಲ್ಲ ಆ ಬೆಳ್ಳನೆಯ ಧಾರೆಯ ಮೇಲೆ. ಆದರೆ ಈ ಭದ್ರಾ ಕಾಡಿನ ಸೀಮೆಯಲ್ಲಿ ಮತ್ತೊಂದು ವಸ್ತುವೂ ನೋಡತಕ್ಕದ್ದು. ಕೆಂಪು, ಹಳದಿ ಹೂಗಳ ಗೊಂಚಲನ್ನು ಮುಡಿದು, ಸಾಧುವಿನಂತೆ ನಿಂತಿರುವ ಲಂಟಾನದ ಪೊದೆ ಅದು.

ಲಂಟಾನವು ಅಮೆರಿಕೆಯ ಉಷ್ಣ ಸೀಮೆಯ ಗಿಡ. 19ನೆಯ ಶತಮಾನದ ಆದಿಯಲ್ಲಿ ಅದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ತಂದರು. ಅಂದವಾದ ಹೂವೆಂದು ಅಂಗಳಕ್ಕೆ ಬಂದಿತು, ದನ ಮುಟ್ಟದೆಂದು ಬೇಲಿಗೆ ಬಂದಿತು. ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಹೊತ್ತವು. ಅದರಡಿಯಲ್ಲಿ ಹುಲ್ಲು ಬೆಳೆಯದು, ಸಸಿ ಮೇಲೇಳದು. ಎಲೆಯನ್ನು ತಿಂದ ದನಕ್ಕೆ ವಿಷವೇರುವುದು. ಬಯಲು ಸೀಮೆಯ ಪಾರ್ಥೇನಿಯಮ್ಮಿನ ಕಥೆಯೂ ಇಂತಹದೇ. 1950ರ ದಶಕದಲ್ಲಿ, ಎಂದರೆ ವಿಂಡಮ್ ಅವರ ಕಾದಂಬರಿಯನ್ನು ಜನರು ಆಸೆಯಿಂದ ಓದುತ್ತಿದ್ದ ದಿನಗಳಲ್ಲಿ, ಅದು ಪುಣೆಯ ಕಡೆ ಕಾಣಿಸಿಕೊಂಡಿತು. ನಮ್ಮವರು 'ಕಾಂಗ್ರೆಸ್ ಗಿಡ'ವೆಂದು ಹೆಸರಿಡುವ ಹೊತ್ತಿಗೆ ಊರೂರಿನ ದಾರಿಬದಿಯನ್ನೆಲ್ಲ ಹಿಡಿದಿತ್ತು. ಮೈಯ ತುರಿಕೆಯಿಂದಲೂ ಉಬ್ಬಸದಿಂದಲೂ ನರಳಿದ ಮನೆಗಳಿಗೆ ಅದರ ಪರಿಚಯವನ್ನು ಹೇಳಬೇಕಾದುದಿಲ್ಲ.

ಕಥೆಗೂ ನಿಜಕ್ಕೂ ಇರುವ ಭೇದವು ಇಷ್ಟೆ. ಕಥೆಯಲ್ಲಿ ಕೇಡು ಒಂದೇ ರಾತ್ರಿಯಲ್ಲಿ ಬರುತ್ತದೆ, ಆದುದರಿಂದ ಬೆಚ್ಚಿಬೀಳುತ್ತೇವೆ. ನಿಜದಲ್ಲಿ ಇನ್ನೂರು ವರುಷ ಹೂ ಬಿಡುತ್ತ ಬರುತ್ತದೆ, ಆದುದರಿಂದ ಸುಮ್ಮನಿರುತ್ತೇವೆ. ನಮ್ಮ ಕುರುಡಿಗೆ ಹಸುರು ಬೆಳಕಿನ ಅಗತ್ಯವೂ ಬೀಳಲಿಲ್ಲ.

ವೆಲ್ಸ್ ಅವರ ಕಥೆಯಂತೆ ಅಲ್ಪಜೀವಿಯೊಂದು ಬಂದು ನಮ್ಮನ್ನು ಕಾಪಾಡೀತೆ? ಆ ಪ್ರಯತ್ನವೂ ನಡೆದಿದೆ. ಕರ್ನಾಟಕ ಸರಕಾರವು 1975ರಲ್ಲಿ ಪಾರ್ಥೇನಿಯಮ್ಮನ್ನು ಹಾನಿಕರ ಕಳೆಯೆಂದು ಸಾರಿತು. 1984ರಲ್ಲಿ ಮೆಕ್ಸಿಕೋ ದೇಶದ ಒಂದು ಸಣ್ಣ ದುಂಬಿಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ದುಂಬಿಯು ಮಳೆಗಾಲದಲ್ಲಿ ಎಲೆಯನ್ನು ಚೆನ್ನಾಗಿಯೇ ಮೇಯುತ್ತದೆ. ಬೇಸಗೆ ಬಂದಿತೆಂದರೆ ಮಣ್ಣಿನೊಳಗೆ ಮಲಗಿಬಿಡುತ್ತದೆ. ಉಳಿದ ಕೆಲಸವು ಮನುಷ್ಯರ ಪಾಲಿಗೇ ಬಿದ್ದಿದೆ.

ಆ ಕೆಲಸವನ್ನು ಕೈಗೆತ್ತಿಕೊಂಡವರಿದ್ದಾರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಗಳನ್ನು ಬೇಯಿಸಿ, ತೊಗಟೆಯನ್ನು ಸುಲಿದು, ಕುರ್ಚಿ ಮೇಜುಗಳನ್ನು ಕಟ್ಟುವರು. ನೀಲಗಿರಿಯ ಸೀಮೆಯ ಬುಡಕಟ್ಟಿನವರು ಅದೇ ಕಡ್ಡಿಯಿಂದ ನಿಜವಾದ ಆನೆಗಳಷ್ಟೇ ದೊಡ್ಡ ಆನೆಗಳನ್ನು ಹೆಣೆದರು. 2021ರಲ್ಲಿ ಆ ಆನೆಗಳ ಹಿಂಡು ಲಂಡನ್ನಿನ ಉದ್ಯಾನಗಳಲ್ಲಿ ನಿಂತಿತು. ಕಥೆಯಲ್ಲಿ ಯಾವ ನಗರವನ್ನು ಗಿಡಗಳು ಆಕ್ರಮಿಸಿದ್ದುವೋ ಅದೇ ನಗರಕ್ಕೆ ನಮ್ಮ ಕಾಡನ್ನು ಆಕ್ರಮಿಸಿದ ಗಿಡವು ಆನೆಯ ವೇಷದಲ್ಲಿ ಅತಿಥಿಯಾಗಿ ಹೋಯಿತು!

ಆದುದರಿಂದ ಪ್ರಳಯದ ಕಥೆಗಳನ್ನು ಓದಬೇಡಿರೆಂದು ನಾವು ಹೇಳುವುದಿಲ್ಲ. ಕಾಫಿಯ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ಸಂತೋಷವಾಗಿ ಅಂಜಿರಿ. ಆದರೆ ಬೆಳಗ್ಗೆ ಎದ್ದು ಒಮ್ಮೆ ಹಿತ್ತಿಲಿಗೆ ಹೋಗಿ ಬೇಲಿಯನ್ನು ನೋಡಿರಿ. ಅಲ್ಲಿ ಹೂಬಿಟ್ಟು ನಗುತ್ತಿರುವುದು ಯಾರೆಂದು ಮಕ್ಕಳಿಗೆ ಹೆಸರು ಹೇಳಿಕೊಡಿರಿ. ಬೀಜ ಕಟ್ಟುವುದಕ್ಕೆ ಮುಂಚೆ ಬೇರುಸಹಿತ ಕಿತ್ತರೆ, ರಾತ್ರಿ ಅಂಜಿದ್ದು ಸಾರ್ಥಕವಾಯಿತು.